ಓಟಿನ ಪೆಟ್ಟಿಗೆ, ತೂಕದ ತಕ್ಕಡಿ

ನಮ್ಮದು ಕಾಫಿ ಸೀಮೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಬಾಳೆಹೊನ್ನೂರು. ಬಾಬಾ ಬುಡನ್ ಅವರು ಏಳು ಕಾಫಿ ಬೀಜ ತಂದು ಇಲ್ಲಿನ ಬೆಟ್ಟದಲ್ಲಿ ಬಿತ್ತಿದರು ಅಂತ ಹಿರಿಯರು ಹೇಳ್ತಾರೆ. ಇವತ್ತು ಬೆಟ್ಟ ತುಂಬ ತೋಟ. ಅದರಲ್ಲಿ ದುಡಿಯೋರು ನಾವು. ಚಿಗುರು ತೆಗೆಯೋರು, ಮರಗಸಿ ಮಾಡೋರು, ಹಣ್ಣು ಕೊಯ್ಯೋರು, ಕಣದಲ್ಲಿ ಬೀಜ ಒಣಗಿಸೋರು.

ನಮಗೆ ರಾಜಕೀಯ ಯಾಕೆ ಅಂತ ಕೆಲವರು ಕೇಳ್ತಾರೆ. 1978ರ ನವೆಂಬರ್ ತಿಂಗಳು ನೆನಪು ಮಾಡಿಕೊಳ್ಳೋಣ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಇಂದಿರಾ ಗಾಂಧಿಯವರು ಇಲ್ಲಿ ಗೆದ್ದು ಮತ್ತೆ ಲೋಕಸಭೆಗೆ ಹೋದರು. ಇಡೀ ದೇಶ ನಮ್ಮ ಕಡೆ ನೋಡಿತು. ಅವತ್ತು ತೋಟದ ಸಾಹುಕಾರರಿಗೂ ಒಂದೇ ಓಟು. ಲೈನ್ ಮನೆಯ ಅಜ್ಜಿಗೂ ಒಂದೇ ಓಟು.

ಓಟು ಹಾಕೋವಾಗ ಎಲ್ಲರೂ ಸಮ. ಮರುದಿನ ಕೆಲಸಕ್ಕೆ ಹೋದಾಗ? ಅಂಬೇಡ್ಕರ್ ಅವರು ಈ ಮಾತನ್ನು ಮೊದಲೇ ಹೇಳಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡಿದರು. ರಾಜಕೀಯದಲ್ಲಿ ಸಮಾನತೆ ಬರುತ್ತೆ, ಬದುಕಿನಲ್ಲಿ ಅಸಮಾನತೆ ಉಳಿಯುತ್ತೆ, ಇದನ್ನು ಬೇಗ ಸರಿ ಮಾಡದಿದ್ದರೆ ಪ್ರಜಾಪ್ರಭುತ್ವಕ್ಕೇ ಅಪಾಯ ಅಂತ ಎಚ್ಚರಿಸಿದರು.

ಆ ಅಸಮಾನತೆ ನಮ್ಮಲ್ಲಿ ಎಲ್ಲಿದೆ? ತಕ್ಕಡಿಯ ಹತ್ತಿರ ಬನ್ನಿ.

ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು. ಅರೇಬಿಕಾ ಮೊದಲು, ರೋಬಸ್ಟಾ ಆಮೇಲೆ. ಈಗ ಬಹಳ ತೋಟಗಳಲ್ಲಿ ಕೆ.ಜಿ. ಲೆಕ್ಕದ ಕೂಲಿ. ಸಂಜೆ ಹಣ್ಣಿನ ಚೀಲ ಹೊತ್ತು ಸಾಲಿನಲ್ಲಿ ನಿಲ್ತೀವಿ. ರೈಟರು ತೂಕ ಕೂಗಿ ಹೇಳ್ತಾರೆ, ಪುಸ್ತಕದಲ್ಲಿ ಬರೀತಾರೆ. ಚೀಲದ ತೂಕ ಅಂತ, ಎಲೆ ಕಡ್ಡಿ ಅಂತ ಒಂದಿಷ್ಟು ಕಳೀತಾರೆ. ಕಳೆಯೋದು ನ್ಯಾಯವೇ ಇರಬಹುದು. ಎಷ್ಟು ಕಳೆದರು ಅಂತ ನಮಗೆ ಗೊತ್ತಾಗಬೇಕಲ್ಲ?

ಒಂದು ಲೆಕ್ಕ ಮಾಡೋಣ. ದಿನಕ್ಕೆ 2 ಕೆ.ಜಿ. ಕಡಿಮೆ ಬರೆದರು ಅಂತ ಇಟ್ಟುಕೊಳ್ಳಿ. 60 ದಿನಕ್ಕೆ 120 ಕೆ.ಜಿ. ಆಯ್ತು. ಕೆ.ಜಿ.ಗೆ 5 ರೂಪಾಯಿ ಅಂದರೆ 600 ರೂಪಾಯಿ. ಇದು ಒಬ್ಬರದ್ದು. 50 ಜನರದ್ದು ಸೇರಿದರೆ 30,000 ರೂಪಾಯಿ.

ಇನ್ನೊಂದು ಲೆಕ್ಕ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ ಮೂಟೆ ಆಗಲು ಸುಮಾರು 250 ಕೆ.ಜಿ. ಹಣ್ಣು ಬೇಕು. ಅದೇ 5 ರೂಪಾಯಿಯಂತೆ ಕೊಯ್ಲಿನ ಕೂಲಿ 1,250 ರೂಪಾಯಿ. 2025ರ ಮೊದಲ ತಿಂಗಳುಗಳಲ್ಲಿ ಆ ಮೂಟೆಯ ಬೆಲೆ 20,000 ರೂಪಾಯಿ ದಾಟಿತ್ತು. ಗೊಬ್ಬರ, ಔಷಧಿ, ಬ್ಯಾಂಕ್ ಸಾಲ, ವರ್ಷವಿಡೀ ತೋಟದ ಕೆಲಸ, ಎಲ್ಲದಕ್ಕೂ ಖರ್ಚಿದೆ. ಅದನ್ನು ನಾವು ಮರೆಯೋದು ಬೇಡ.

ಕಾಫಿ ಬೆಲೆ ನಿಲ್ಲೋದು ನಮ್ಮ ಊರಲ್ಲಿ ಅಲ್ಲ. ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ, ರೋಬಸ್ಟಾ ಬೆಲೆ ಲಂಡನ್ನಿನಲ್ಲಿ. ಬ್ರೆಜಿಲ್ ದೇಶದಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಬೆಲೆ ಏರುತ್ತೆ. 2001-02ರ ಹೊತ್ತಿಗೆ ಜಗತ್ತಿನಲ್ಲೆಲ್ಲ ಬೆಲೆ ಕುಸಿಯಿತು. ಸಣ್ಣ ಬೆಳೆಗಾರರು ಸಾಲದಲ್ಲಿ ಸಿಕ್ಕಿಬಿದ್ದರು. ಬೆಲೆ ಬಿದ್ದಾಗ ಕಷ್ಟ ಲೈನ್ ಮನೆಗೆ ಓಡಿ ಬರುತ್ತೆ. ಬೆಲೆ ಏರಿದಾಗ ಸುಖ ಕುಂಟುತ್ತಾ ಬರುತ್ತೆ. ನಮಗೆ ಇದು ಸರಿ ಕಾಣೋದಿಲ್ಲ.

ಕಾನೂನು ಏನು ಹೇಳುತ್ತೆ? 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಹೆಸರು ಬದಲಾದರೂ ಮುಖ್ಯ ವಿಷಯ ಉಳಿದಿದೆ. 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ, ಅಥವಾ ಅದಕ್ಕಿಂತ ದೊಡ್ಡ ತೋಟದವರಿಗೆ ಅದು ಅನ್ವಯ. ಮನೆ, ಕುಡಿಯೋ ನೀರು, ಕಕ್ಕಸು, ಔಷಧೋಪಚಾರ, ಎಳೆ ಮಕ್ಕಳನ್ನು ನೋಡಿಕೊಳ್ಳೋ ಜಾಗ, ಇವೆಲ್ಲ ಬೇಕು ಅಂತ ಅದರಲ್ಲಿದೆ. ಕೂಲಿಯ ಸಂಹಿತೆ ಬೇರೆ ಇದೆ. ಒಂದೇ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಕೂಲಿ ಕೊಟ್ಟಾಗ ಚೀಟಿಯನ್ನೂ ಕೊಡಬೇಕು. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಸಣ್ಣ ತೋಟದಲ್ಲೂ ಸಿಗಬೇಕು.

ಈಗ ಕೊಯ್ಲಿಗೆ ಅಸ್ಸಾಮಿನಿಂದಲೂ ಜನ ಬರ್ತಾರೆ. ಇವರಿಂದ ನಮ್ಮ ಕೂಲಿ ಹೋಯ್ತು ಅಂತ ನಮ್ಮಲ್ಲೇ ಕೆಲವರು ಗೊಣಗ್ತಾರೆ. ನಮ್ಮ ಅಜ್ಜ ಅಜ್ಜಿಯರು ಎಲ್ಲಿಂದ ಬಂದರು? ಕೆಲವರು ಘಟ್ಟದ ಕೆಳಗಿಂದ, ಕೆಲವರು ಬಯಲು ಸೀಮೆಯಿಂದ, ಕೆಲವರು ತಮಿಳುನಾಡಿನಿಂದ. ಹೊಸಬರಿಗೆ ಕಡಿಮೆ ಕೂಲಿ ಕೊಡೋದನ್ನು ನೋಡಿ ಸುಮ್ಮನಿದ್ದರೆ ನಾಳೆ ನಮ್ಮ ಕೂಲಿಯೂ ಅಲ್ಲಿಗೇ ಇಳಿಯುತ್ತೆ. ತೂಕ ತಪ್ಪಿದಾಗ ಕನ್ನಡದಲ್ಲಿ ಕೇಳೋದು ಅವರಿಗೆ ಕಷ್ಟ. ನಮಗೆ ಬರುತ್ತೆ. ಅವರ ಪರವಾಗಿ ನಾವೇ ಕೇಳಬೇಕು.

ಈ ಕೊಯ್ಲಿಗೆ ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಳ್ಳಿ. ಗೆರೆ ಎಳೆದು ನಾಲ್ಕು ಭಾಗ ಮಾಡಿ. ತಾರೀಕು, ತೂಕ, ಕಳೆದದ್ದು, ಉಳಿದದ್ದು. ಪ್ರತಿ ಸಂಜೆ ಬರೀರಿ. ಬಟವಾಡೆ ದಿನ ರೈಟರ ಪುಸ್ತಕದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಒಬ್ಬರೇ ಹೋಗಬೇಡಿ, ಹತ್ತು ಜನ ಹತ್ತು ಪುಸ್ತಕ ಹಿಡಿದು ಹೋಗಿ. ಮಾತು ಮೆತ್ತಗಿರಲಿ. ಅಲ್ಲಿ ಸರಿಹೋಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಡಬಹುದು. ಅರ್ಜಿಯನ್ನು ಪೂರ್ತಿ ಓದಿ, ಆಮೇಲೆ ಎಲ್ಲರೂ ಸಹಿ ಹಾಕಿ. ಕಚೇರಿಯ ಮೊಹರು ಒತ್ತಿಸಿದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.