ಸೈಲೆನ್ಸರಿನ ನೀರು, ಅಂಗಳದ ಕಲೆ

ಹಳೆಯ ಕಾರಿನ ಕೆಳಗೆ ಬಿದ್ದ ಕಲೆಯನ್ನು ಮನೆಯಲ್ಲಿ ಮೊದಲು ಕಾಣುವವರು ಕಾರು ನಡೆಸುವವರಲ್ಲ. ಬೆಳಗಿನ ಜಾವ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡಲು ಬರುವ ತಾಯಂದಿರೇ ಅದನ್ನು ಮೊದಲು ಕಾಣುವವರು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮನೆಗಳ ಮುಂದೆ ಹದಿನೈದಿಪ್ಪತ್ತು ವರ್ಷ ದುಡಿದ ಕಾರುಗಳನ್ನು ಇಂದಿಗೂ ಕಾಣಬಹುದು. ಮಾರುತಿ 800 ಮತ್ತು ಅಂಬಾಸಡರ್ ಕಾರುಗಳ ತಯಾರಿಕೆಯು 2014ರಲ್ಲಿಯೇ ನಿಂತುಹೋಯಿತು. ಆದರೆ ಮಗಳ ಮನೆಗೂ ಆಸ್ಪತ್ರೆಗೂ ಜಾತ್ರೆಗೂ ಹೋಗಿಬರುವ ಅವುಗಳ ಸೇವೆ ನಿಂತಿಲ್ಲ. ಇಂಥ ಕಾರು ತನ್ನ ಕಾಯಿಲೆಯನ್ನು ನೀರು, ಎಣ್ಣೆ, ಹೊಗೆಗಳ ಮೂಲಕ ಮುಂಚಿತವಾಗಿಯೇ ತಿಳಿಸುತ್ತದೆ. ಅದರಲ್ಲಿ ಯಾವುದು ಕಾಯಿಲೆ, ಯಾವುದು ಅಲ್ಲ ಎಂಬ ವಿವೇಕವಿಲ್ಲದೆ ಹಣ ಕಳೆದುಕೊಂಡ ಕುಟುಂಬಗಳನ್ನು ನಾವು ಬಲ್ಲೆವು. ಅಸಡ್ಡೆಯಿಂದ ಎಂಜಿನ್ನನ್ನೇ ಕಳೆದುಕೊಂಡವರನ್ನೂ ಬಲ್ಲೆವು.

ಮೊದಲು ಸೈಲೆನ್ಸರಿನ ನೀರಿನ ವಿಚಾರ. ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ, ಅದರಲ್ಲಿಯೂ ಘಟಪ್ರಭೆಯ ದಂಡೆಯ ಊರುಗಳಲ್ಲಿ, ಮುಂಜಾನೆ ಕಾರು ಚಾಲು ಮಾಡಿದೊಡನೆ ಹಿಂಬದಿಯ ಕೊಳವೆಯಿಂದ ಬಿಳಿಯ ಹಬೆ ಏಳುತ್ತದೆ, ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತದೆ. ಅದನ್ನು ಕಂಡು “ಎಂಜಿನ್ನಿಗೆ ನೀರು ಇಳಿದಿದೆರೀ, ಹೆಡ್ ಬಿಚ್ಚಬೇಕು” ಎಂದು ತೀರ್ಪು ಕೊಡುವವರು ನೆರೆಹೊರೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಆ ಮಾತನ್ನು ನಂಬಿ ಗ್ಯಾರೇಜಿಗೆ ಹೋದರೆ ಕಬ್ಬಿನ ಬಿಲ್ಲಿನ ದೊಡ್ಡ ಪಾಲು ಅಲ್ಲಿಯೇ ಕರಗುವುದು.

ವಾಸ್ತವವಾಗಿ ನೀರು ಪೆಟ್ರೋಲಿನ ಉರಿಯಿಂದಲೇ ಹುಟ್ಟುತ್ತದೆ. ಪೆಟ್ರೋಲಿನಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುವುದು ರಸಾಯನಶಾಸ್ತ್ರದ ನಿಯಮ. ಒಂದು ಲೀಟರ್ ಪೆಟ್ರೋಲು ಪೂರ್ಣವಾಗಿ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರಿನಷ್ಟೇ ನೀರು ಉತ್ಪತ್ತಿಯಾಗುತ್ತದೆ ಎಂದರೆ ಅನೇಕರು ನಂಬಲಾರರು, ಆದರೆ ಲೆಕ್ಕ ಅಷ್ಟೇ ಬರುತ್ತದೆ. ಎಂಜಿನ್ ಕಾದಿದ್ದಾಗ ಆ ನೀರು ಕಣ್ಣಿಗೆ ಕಾಣದ ಆವಿಯಾಗಿ ಹೊರಗೆ ಹೋಗುತ್ತದೆ. ಕೊಳವೆ ತಣ್ಣಗಿದ್ದಾಗ, ಅನ್ನ ಬೇಯುವ ಪಾತ್ರೆಯ ಮುಚ್ಚಳದ ಒಳಬದಿಯಲ್ಲಿ ಹನಿ ಕಟ್ಟುವಂತೆ, ಅಲ್ಲಿಯೇ ಹನಿಗಟ್ಟಿ ಇಳಿಯುತ್ತದೆ. ಕೊಳವೆಯ ಒಳಗಿನ ಮಸಿ ಆ ನೀರಿನೊಡನೆ ತೊಳೆದು ಬರುವುದರಿಂದ ನೆಲದ ಮೇಲೆ ಕಪ್ಪು ಚುಕ್ಕೆಗಳು ಬೀಳುವುದುಂಟು. ಅದನ್ನು ಎಣ್ಣೆ ಎಂದು ಭ್ರಮಿಸಬಾರದು. ಬೆರಳಿಗೆ ಹಚ್ಚಿ ನೋಡಿದರೆ ಜಿಡ್ಡು ಇರುವುದಿಲ್ಲ.

ಹಾಗಾದರೆ ಪರೀಕ್ಷೆ ಯಾವುದು? ಕಾರನ್ನು ಇಪ್ಪತ್ತು ನಿಮಿಷ ನಡೆಸಿ ನೋಡುವುದೇ ಪರೀಕ್ಷೆ. ಗೋಕಾಕದವರು ಜಲಪಾತದ ಏರು ಹತ್ತಿ ಕೊಣ್ಣೂರಿನವರೆಗೆ ಹೋಗಿ ಬಂದರೆ ಎಂಜಿನ್ ಚೆನ್ನಾಗಿ ಕಾಯುತ್ತದೆ. ಆಮೇಲೆ ಹಬೆ ನಿಂತು ಕೊಳವೆಯ ಬಾಯಿ ಒಣಗಿದ್ದರೆ ಚಿಂತೆಗೆ ಕಾರಣವಿಲ್ಲ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ನೀರು ಒಳಗೇ ನಿಂತು ಸೈಲೆನ್ಸರಿಗೆ ತುಕ್ಕು ಹಿಡಿಸುತ್ತದೆ. ವಾರಕ್ಕೊಮ್ಮೆಯಾದರೂ ದೂರದ ಓಟ ಅದಕ್ಕೆ ಒಳ್ಳೆಯದು. ಕೆಲವು ಸೈಲೆನ್ಸರುಗಳ ಕೆಳಭಾಗದಲ್ಲಿ ನೀರು ಇಳಿಯಲೆಂದೇ ಸಣ್ಣ ರಂಧ್ರವಿಟ್ಟಿರುತ್ತಾರೆ. ಅದನ್ನು ತೂತೆಂದು ತಿಳಿದು ವೆಲ್ಡಿಂಗ್ ಮಾಡಿಸಿ ಮುಚ್ಚಿಸುವ ಜಾಣರೂ ಇದ್ದಾರೆ! ಇನ್ನೊಂದು ಎಚ್ಚರಿಕೆಯ ಮಾತು: ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲು ಮಾಡಿ ಪರೀಕ್ಷೆಗೆ ನಿಲ್ಲಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣಾಪಾಯಕರ.

ಎಂಜಿನ್ ಕಾದ ಮೇಲೂ ಬಿಳಿಯ ಹೊಗೆ ದಟ್ಟವಾಗಿ ಬರುತ್ತಲೇ ಇದ್ದರೆ, ಅದಕ್ಕೆ ಸಿಹಿಯಾದ ವಾಸನೆಯಿದ್ದರೆ, ರೇಡಿಯೇಟರಿನ ಪಕ್ಕದ ಡಬ್ಬಿಯಲ್ಲಿ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ, ಆಗ ನೆರೆಯವರ ತೀರ್ಪು ನಿಜವಿರಬಹುದು. ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ಇವುಗಳ ನಡುವಿನ ಪ್ಯಾಕಿಂಗ್, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟು ಕೂಲಂಟ್ ನೀರು ಸಿಲಿಂಡರಿನೊಳಗೆ ಇಳಿಯುತ್ತಿರುತ್ತದೆ. ಒಮ್ಮೊಮ್ಮೆ ಅದೇ ನೀರು ಎಂಜಿನ್ ಆಯಿಲಿನೊಡನೆ ಬೆರೆಯುತ್ತದೆ. ಆಗ ಆಯಿಲ್ ನೋಡುವ ಕಡ್ಡಿಯನ್ನು ಎಳೆದರೆ ಎಣ್ಣೆಯು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿ ನೊರೆಗಟ್ಟಿರುವುದು ಕಾಣುತ್ತದೆ. ಆಯಿಲ್ ಹಾಕುವ ಮುಚ್ಚಳದ ಕೆಳಗೆ ಮಾತ್ರ ಸ್ವಲ್ಪ ಕೆನೆ ಕಂಡು, ಕಡ್ಡಿಯ ಎಣ್ಣೆ ಸ್ವಚ್ಛವಾಗಿದ್ದರೆ, ಅದು ಚಳಿಗಾಲದ ತೇವವಷ್ಟೇ ಆಗಿರುವ ಸಂಭವವೇ ಹೆಚ್ಚು. ಎಂಜಿನ್ ಪೂರ್ಣ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಚಾಲು ಮಾಡಿದಾಗ ಒಳಗಿನಿಂದ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಸಂಶಯ ಬಲವಾಗುತ್ತದೆ. ಬಿಸಿಯಿರುವಾಗ ಆ ಮುಚ್ಚಳವನ್ನು ಮುಟ್ಟಲೇಬಾರದು. ಒತ್ತಡದಲ್ಲಿರುವ ಆ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಇದ್ದು, ಮುಚ್ಚಳ ಸಡಿಲಿಸಿದ ಕ್ಷಣವೇ ಮುಖಕ್ಕೆ ಚಿಮ್ಮುತ್ತದೆ.

ಹೆಡ್ ಗ್ಯಾಸ್ಕೆಟ್ ಸುಡುವುದು ಬಹುತೇಕ ಎಂಜಿನ್ ಅತಿಯಾಗಿ ಕಾದುದರ ಫಲ. ನಮ್ಮ ಭಾಗದಲ್ಲಿ ಇದಕ್ಕೆ ಎರಡು ಕಾರಣಗಳು ಎದ್ದು ಕಾಣುತ್ತವೆ. ಕಾರ್ಖಾನೆಗಳು ಕಬ್ಬು ನುರಿಸುವ ದಿನಗಳಲ್ಲಿ ತುಂಬಿದ ಎರಡು ಟ್ರೇಲರ್ ಎಳೆದು ಸಾಗುವ ಟ್ರ್ಯಾಕ್ಟರುಗಳ ಹಿಂದೆ, ಮುಂದೆ ಹೋಗಲು ದಾರಿಯಿಲ್ಲದೆ, ಎರಡನೆಯ ಗೇರಿನಲ್ಲಿ ಮೈಲುಗಟ್ಟಲೆ ತೆವಳಬೇಕಾಗುತ್ತದೆ. ಗಾಳಿಯ ಬಡಿತವಿಲ್ಲದ ಆ ಹೊತ್ತಿನಲ್ಲಿ ರೇಡಿಯೇಟರಿನ ಫ್ಯಾನ್ ಕೆಟ್ಟಿದ್ದರೆ ಉಷ್ಣಮಾಪಕದ ಮುಳ್ಳು ಮೇಲೇರುತ್ತದೆ. ಎರಡನೆಯದು ನೀರು. ಕರಿಮಣ್ಣಿನ ಊರುಗಳ ಅನೇಕ ಬೋರ್‌ವೆಲ್ಲುಗಳ ನೀರು ಸವಳು. ಅದನ್ನೇ ಕೊಡದಲ್ಲಿ ತಂದು ರೇಡಿಯೇಟರಿಗೆ ಸುರಿಯುವ ರೂಢಿಯಿಂದ, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುವಂತೆಯೇ ಇಲ್ಲಿಯೂ ಕಟ್ಟುತ್ತದೆ. ಅಲ್ಯೂಮಿನಿಯಂ ಹೆಡ್ ಒಳಗಿಂದೊಳಗೆ ತಿನ್ನಲ್ಪಡುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಮತ್ತು ಕೂಲಂಟ್ ಮಿಶ್ರಣ ಹಾಕಿಸುವುದಕ್ಕೆ ತಗಲುವ ಖರ್ಚು ಹೆಡ್ ಕೆಲಸದ ಮುಂದೆ ಏನೂ ಅಲ್ಲ. ಆದರೆ ಕೂಲಂಟ್ ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಮಕ್ಕಳೂ ಕರುಗಳೂ ಮುಟ್ಟದಂತೆ ಕೂಡಲೇ ತೊಳೆಯಬೇಕು.

ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ ಎಂದು ಅರ್ಥ. ಕಪ್ಪಾಗಿದ್ದರೆ ಪೆಟ್ರೋಲು ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ. ಬೆಳಿಗ್ಗೆ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲುಗಳನ್ನೂ, ಎಕ್ಸಿಲರೇಟರ್ ತುಳಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳನ್ನೂ ಸಂಶಯಿಸಬೇಕು.

ಇನ್ನು ಅಂಗಳದ ಕಲೆ. ರಾತ್ರಿ ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನೋ ಬಿಳಿಯ ರಟ್ಟನ್ನೋ ಹಾಸಿ ನಾಲ್ಕೂ ಮೂಲೆಗೆ ಕಲ್ಲು ಇಟ್ಟರೆ ಬೆಳಿಗ್ಗೆ ಉತ್ತರ ಸಿಗುತ್ತದೆ. ಕಂದು ಅಥವಾ ಕಪ್ಪು ಜಿಡ್ಡು ಎಂಜಿನ್ ಆಯಿಲ್. ಹಸಿರು, ಕೆಂಪು ಅಥವಾ ನೀಲಿಯ ನೀರು ಕೂಲಂಟ್. ಎ.ಸಿ. ಇರುವ ಕಾರಿನ ಕೆಳಗೆ ಬೇಸಿಗೆಯಲ್ಲಿ ಬೀಳುವ ಬಣ್ಣವಿಲ್ಲದ, ವಾಸನೆಯಿಲ್ಲದ ಶುದ್ಧ ನೀರು ದೋಷವಲ್ಲ. ಚಕ್ರದ ಒಳಬದಿಯಲ್ಲಿಯೋ ಪೆಡಲಿನ ಹತ್ತಿರವೋ ತಿಳಿಹಳದಿಯ ತೆಳು ದ್ರವ ಕಂಡರೆ ಅದು ಬ್ರೇಕ್ ಆಯಿಲ್. ಅಂಥ ಕಾರನ್ನು ಗ್ಯಾರೇಜಿನವರೆಗೂ ಓಡಿಸಬಾರದು, ಮಿಸ್ತ್ರಿಯನ್ನೇ ಮನೆಗೆ ಕರೆಸಬೇಕು.

ಎಣ್ಣೆ ಎಲ್ಲಿ ಸೋರುತ್ತದೆ ಎಂಬುದನ್ನು ಬಿದ್ದ ಜಾಗದಿಂದ ಹೇಳಲಾಗದು. ಮೇಲಿನ ಟ್ಯಾಪೆಟ್ ಕವರಿನಿಂದ ಹೊರಟ ಹನಿ ಎಂಜಿನ್ನಿನ ಮೈಗುಂಟ ಇಳಿದು, ಓಟದ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಕೆಳಗಿನ ಸಂಪಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ತಣ್ಣಗಿರುವ ಎಂಜಿನ್ನನ್ನು ಒರೆಸಿ ಒಣಗಿಸಿ, ಸಂಶಯವಿದ್ದ ಜಾಗಕ್ಕೆ ಮಕ್ಕಳಿಗೆ ಹಚ್ಚುವ ಪೌಡರ್ ಉದುರಿಸಿ, ಕಾಲು ಗಂಟೆ ನಡೆಸಿ, ಬ್ಯಾಟರಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಬೇಕು. ಒದ್ದೆಯಾದ ಪೌಡರಿನ ಅತ್ಯಂತ ಮೇಲಿನ ಬಿಂದುವೇ ಸೋರಿಕೆಯ ಮೂಲ. ಟ್ಯಾಪೆಟ್ ಪ್ಯಾಕಿಂಗ್, ಆಯಿಲ್ ಫಿಲ್ಟರ್, ಡ್ರೇನ್ ಬೋಲ್ಟಿನ ವಾಶರ್ ಇವು ಅಲ್ಪ ಖರ್ಚಿನ ಕೆಲಸಗಳು. ಕ್ರ್ಯಾಂಕಿನ ಹಿಂಬದಿಯ ಸೀಲ್ ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು. ಹನಿ ತೀರ ಕಡಿಮೆಯಿದ್ದರೆ, ಎಣ್ಣೆಯ ಮಟ್ಟವನ್ನು ವಾರಕ್ಕೊಮ್ಮೆ ನೋಡುತ್ತ, ಕ್ಲಚ್ ಕೆಲಸ ಬಂದಾಗ ಒಟ್ಟಿಗೆ ಮಾಡಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು, ಈಗ ಅದು ಎಲ್ಲೆಡೆ ಬಂದಿದೆ. ಕಬ್ಬಿನಿಂದಲೂ ತಯಾರಾಗುವ ಎಥನಾಲ್ ನಮ್ಮ ರೈತರಿಗೆ ಬೇಕಾದುದೇ ಸರಿ. ಆದರೆ ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಸಡಿಲಗೊಳಿಸಬಲ್ಲುದು. ಹಳೆಯ ಕಾರಿನ ಪೆಟ್ರೋಲ್ ಪೈಪುಗಳನ್ನು ಬಾಗಿಸಿ ನೋಡಿ, ಬಿರುಕು ಕಂಡರೆ ಎಥನಾಲಿಗೆ ತಾಳುವ ಪೈಪು ಹಾಕಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟಾಕಿಯಲ್ಲಿ ಪೆಟ್ರೋಲು ಹಳಸಲು ಬಿಡಬಾರದು.

ಗ್ಯಾರೇಜಿನಲ್ಲಿ “ಹೆಡ್ ಇಳಿಸಬೇಕು” ಎಂದರೆ, ಮೊದಲು ಕಂಪ್ರೆಷನ್ ಪರೀಕ್ಷೆ ಮತ್ತು ರೇಡಿಯೇಟರಿನ ಒತ್ತಡ ಪರೀಕ್ಷೆ ಮಾಡಿ ತೋರಿಸಿರೆಂದು ಸೌಜನ್ಯದಿಂದಲೇ ಕೇಳಬಹುದು. ಕೂಲಂಟ್ ಕಡಿಮೆಯಾಗಲು ಸಡಿಲಾದ ಹೋಸ್ ಕ್ಲಿಪ್ಪು ಅಥವಾ ವಾಟರ್ ಪಂಪಿನ ಸೋರಿಕೆ ಕಾರಣವೆಂದು ಅಲ್ಲಿಯೇ ಗೊತ್ತಾಗುವುದುಂಟು. ಹೆಡ್ ಇಳಿಸಲೇಬೇಕಾದರೆ ಅದರ ಮೇಲ್ಮೈ ಸೊಟ್ಟಾಗಿದೆಯೇ ಎಂದು ಪಟ್ಟಿ ಇಟ್ಟು ಅಳೆಯಿಸಬೇಕು, ತೆಗೆದ ಹಳೆಯ ಗ್ಯಾಸ್ಕೆಟನ್ನು ಕೇಳಿ ಪಡೆಯಬೇಕು. ಸುಟ್ಟ ಜಾಗ ಅದರ ಮೇಲೆ ಸ್ಪಷ್ಟವಾಗಿ ಕಪ್ಪಾಗಿ ಕಾಣುತ್ತದೆ.