ರಾಜ್ಯತ್ಯಾಗವೂ ಕ್ರೀಡಾಭಿಮಾನವೂ: ರಾಯಚೂರು ಸೀಮೆಯ ಒಂದು ನಿದರ್ಶನ

ಒಂದು ರಾಜಕೀಯ ಒಕ್ಕೂಟವನ್ನು ತೊರೆದು ಹೊರಬಂದ ಜನರು ಆ ಒಕ್ಕೂಟದ ಆಟದ ತಂಡದ ಮೇಲಿನ ಅಭಿಮಾನವನ್ನೂ ಅದೇ ದಿನ ತೊರೆಯುವರೆ? ಈ ಪ್ರಶ್ನೆಯನ್ನು ರಾಜ್ಯಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ೨೦೧೬ರ ಜೂನ್ ೨೩ರಂದು ಬ್ರಿಟನ್ನಿನ ಮತದಾರರಲ್ಲಿ ಶೇಕಡ ೫೧.೯ ಮಂದಿ ಯೂರೋಪಿಯನ್ ಒಕ್ಕೂಟದಿಂದ ಹೊರಬರಬೇಕೆಂದು ಮತವಿತ್ತರು. ಅದಾದ ನಾಲ್ಕನೆಯ ದಿನ, ಯೂರೋಪಿನ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಇಂಗ್ಲೆಂಡಿನ ತಂಡವು ಐಸ್‌ಲೆಂಡಿಗೆ ೧–೨ರಿಂದ ಸೋತಿತು. ಇಂಗ್ಲೆಂಡು ಒಂದೇ ವಾರದಲ್ಲಿ ಯೂರೋಪನ್ನು ಎರಡು ಬಾರಿ ಬಿಟ್ಟಿತೆಂಬ ನಗೆಮಾತು ಆಗ ಹುಟ್ಟಿಕೊಂಡಿತು. ಮಾತು ಚೆನ್ನಾಗಿದೆ, ವಿಚಾರ ಸರಿಯಾಗಿಲ್ಲ. ಅದರಲ್ಲಿ ಎರಡು ಬೇರೆಬೇರೆ ಒಕ್ಕೂಟಗಳು ಒಂದಾಗಿ ಬೆರೆತುಹೋಗಿವೆ. ಈ ಬೆರಕೆಯನ್ನು ಬಿಡಿಸಿ ನೋಡಲು ದೂರದ ದೇಶಕ್ಕೆ ಹೋಗಬೇಕಾದುದಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯೇ ಇದಕ್ಕೆ ಉತ್ತಮವಾದ ನಿದರ್ಶನವನ್ನು ಒದಗಿಸುತ್ತದೆ.

ಈ ಲೇಖನಕ್ಕೆ ಪ್ರೇರಣೆ ಒಬ್ಬ ಹಿರಿಯ ಕ್ರೀಡಾಭಿಮಾನಿಗಳೊಡನೆ ನಾವು ನಡೆಸಿದ ಸಂಭಾಷಣೆ. ಅವರು ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಮಾನ್ವಿಯಲ್ಲಿ ಬಂಧುಗಳ ಮನೆಯಲ್ಲಿದ್ದು ಮೊದಲ ಪಾಠಗಳನ್ನು ಕಲಿತು, ರಾಯಚೂರಿನಲ್ಲಿ ಹೈಸ್ಕೂಲು ಓದಿದವರು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ ಅನೇಕ ವರ್ಷಗಳಾಗಿವೆ. ೧೯೫೬ರಲ್ಲಿ ಅವರಿಗೆ ೧೬ ವರ್ಷ. “ನಾನು ಹೈದರಾಬಾದ್ ರಾಜ್ಯವನ್ನು ಸಂತೋಷದಿಂದ ಬಿಟ್ಟೆ, ಹೈದರಾಬಾದ್ ತಂಡವನ್ನು ಬಿಡಲಿಲ್ಲ” ಎಂದು ಅವರು ಹೇಳಿದರು. ಇದನ್ನು ಕೇಳಿದ ಕೆಲವರು ಅವರ ಕನ್ನಡಾಭಿಮಾನವನ್ನೇ ಸಂದೇಹಿಸಿದ್ದುಂಟಂತೆ. ಅವರ ಮಾತಿನಲ್ಲಿ ವಿರೋಧಾಭಾಸವಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿವರಿಸುವುದೇ ಇಲ್ಲಿನ ಉದ್ದೇಶ.

ರಾಯಚೂರು ಒಂದು ಆಳ್ವಿಕೆಯಿಂದ ಹೊರಬಂದುದು ೧೯೫೬ರಲ್ಲಿ ಮೊದಲಬಾರಿಗಲ್ಲ. ೧೮೫೩ರ ಒಪ್ಪಂದದ ಮೇರೆಗೆ ನಿಜಾಮರು ಬೀರಾರಿನೊಡನೆ ರಾಯಚೂರು ದೋಆಬವನ್ನೂ ಇಂಗ್ಲಿಷರ ವಶಕ್ಕೆ ಒಪ್ಪಿಸಿದ್ದರು. ೧೮೬೦ರಲ್ಲಿ ದೋಆಬವು ಮತ್ತೆ ಹೈದರಾಬಾದಿಗೆ ಮರಳಿತು. ಆ ಎರಡು ಬಾರಿಯೂ ಇಲ್ಲಿಯ ಪ್ರಜೆಗಳನ್ನು ಯಾರೂ ಕೇಳಿರಲಿಲ್ಲ. ೧೯೪೮ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದು ಭಾರತದಲ್ಲಿ ಸೇರಿತಾದರೂ ರಾಜ್ಯವು ಮುಂದಿನ ಎಂಟು ವರ್ಷಗಳ ಕಾಲ ಇಡಿಯಾಗಿಯೇ ಉಳಿಯಿತು. ೧೯೫೬ರ ನವೆಂಬರ್ ೧ರಂದು ಅದು ಇಲ್ಲವಾಯಿತು. ತೆಲಂಗಾಣವು ಆಂಧ್ರ ಪ್ರದೇಶಕ್ಕೂ ಮರಾಠವಾಡವು ಮುಂಬಯಿ ರಾಜ್ಯಕ್ಕೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೂ ಸಂದವು. ರಾಯಚೂರು ಜಿಲ್ಲೆ ಕೂಡ ಇಡಿಯಾಗಿ ಬರಲಿಲ್ಲ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಅದರಿಂದ ಬೇರ್ಪಟ್ಟು ಆಂಧ್ರ ಪ್ರದೇಶವನ್ನು ಸೇರಿದವು. ಅಕ್ಟೋಬರ್ ೩೧ರಂದು ಒಂದೇ ಜಿಲ್ಲೆಯ ಹುಡುಗರಾಗಿದ್ದವರು ಮರುದಿನ ಬೇರೆಬೇರೆ ರಾಜ್ಯದವರಾದರು.

ಹೊರಬರಲು ಬಲವಾದ ಕಾರಣಗಳಿದ್ದವು. ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿಯ ಭಾಷೆ, ನ್ಯಾಯಸ್ಥಾನದ ಭಾಷೆ, ಮೇಲಿನ ತರಗತಿಗಳ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನ ಮಾಧ್ಯಮವೂ ಉರ್ದುವೇ ಆಗಿದ್ದಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟ ಆ ಸಾಹಸವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬಹುಸಂಖ್ಯಾತರಿಗೆ ಅದು ತಮ್ಮ ಭಾಷೆಯಾಗಿರಲಿಲ್ಲ. ನಮ್ಮ ಹಿರಿಯರ ತಂದೆಯವರು ಕನ್ನಡವನ್ನು ಚೆನ್ನಾಗಿ ಬಲ್ಲವರು. ಮನೆಯಲ್ಲಿ ಜೈಮಿನಿ ಭಾರತವನ್ನು ವಾಚನ ಮಾಡುತ್ತಿದ್ದವರು. ಆದರೆ ಸ್ವಂತ ಹೊಲದ ಕಾಗದಪತ್ರಗಳನ್ನು ಓದಲಾರರು. ಕಚೇರಿಯ ಅಂಗಳದಲ್ಲಿ ಕುಳಿತ ಬರಹಗಾರನಿಗೆ ದುಡ್ಡು ಕೊಟ್ಟು ಓದಿಸಿಕೊಳ್ಳಬೇಕಾಗಿದ್ದಿತು. ೧೯೩೪ರಷ್ಟು ಹಿಂದೆಯೇ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ನೆರೆದಿದ್ದುದನ್ನು ನೆನೆದರೆ, ಏಕೀಕರಣದ ಬಯಕೆ ಇಲ್ಲಿ ಹೊರಗಿನಿಂದ ಬಂದು ಬಿದ್ದ ವಸ್ತುವಲ್ಲವೆಂಬುದು ತಿಳಿಯುತ್ತದೆ.

ಆದರೆ ಅದೇ ಉರ್ದುವಿಗೆ ಇನ್ನೊಂದು ಮುಖವೂ ಇದ್ದಿತು. ಉರ್ದು ಮಾಧ್ಯಮದಲ್ಲಿ ಓದಿದ ಮಗನು ಹೈದರಾಬಾದಿನಿಂದ ಬರುತ್ತಿದ್ದ ‘ಸಿಯಾಸತ್’ ಪತ್ರಿಕೆಯನ್ನು ಓದಬಲ್ಲವನಾಗಿದ್ದನು. ಅವನು ಹುಡುಕುತ್ತಿದ್ದುದು ಫುಟ್‌ಬಾಲ್ ಸುದ್ದಿಯನ್ನು. ಆ ಕಾಲದ ಭಾರತದಲ್ಲಿ ಹೈದರಾಬಾದಿನ ಆಟಕ್ಕೆ ಸಮನಾದುದು ಕಲ್ಕತ್ತೆಯೊಂದನ್ನು ಬಿಟ್ಟರೆ ಇರಲಿಲ್ಲ. ಹೈದರಾಬಾದ್ ನಗರ ಪೊಲೀಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ೧೯೫೦ರಿಂದ ೧೯೫೪ರವರೆಗೆ ಸತತವಾಗಿ ಐದು ಬಾರಿ ಗೆದ್ದುಕೊಂಡಿತು. ಆ ತಂಡವನ್ನು ರೂಪಿಸಿದವರು ಸೈಯದ್ ಅಬ್ದುಲ್ ರಹೀಮ್. ಮೊದಲು ಶಾಲಾ ಉಪಾಧ್ಯಾಯರು, ಅನಂತರ ತರಬೇತುದಾರರು. ೧೯೫೧ ಮತ್ತು ೧೯೬೨ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತವು ಚಿನ್ನದ ಪದಕವನ್ನು ಪಡೆದುದು ಅವರ ಮಾರ್ಗದರ್ಶನದಲ್ಲಿಯೇ. ಚೆಂಡನ್ನು ಎತ್ತರಕ್ಕೆ ಒದೆಯುವುದಕ್ಕಿಂತ ನೆಲದ ಮೇಲೆ ಒಬ್ಬರಿಂದೊಬ್ಬರಿಗೆ ಸಾಗಿಸುವುದಕ್ಕೆ ಅವರು ಹೆಚ್ಚು ಬೆಲೆ ಕೊಟ್ಟರು. ತಂದೆಯ ಹೊಲದ ಕಾಗದವನ್ನು ಮುಚ್ಚಿಟ್ಟಿದ್ದ ಲಿಪಿಯೇ ಮಗನಿಗೆ ಈ ಆಟವನ್ನು ತೆರೆದು ತೋರಿಸಿತು. ನಮ್ಮ ಚರ್ಚೆಯ ಮರ್ಮವು ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ.

ಇನ್ನು ೧೯೫೬ರ ನವೆಂಬರಿಗೆ ಬರೋಣ. ನಮ್ಮಲ್ಲಿ ರಾಜ್ಯಗಳ ಮರುವಿಂಗಡಣೆಯಾದ ನವೆಂಬರ್ ೧ರಂದೇ ಹಂಗೆರಿಯ ಪ್ರಧಾನಿ ಇಮ್ರೆ ನಾಜ್ ತಮ್ಮ ದೇಶವು ವಾರ್ಸಾ ಒಪ್ಪಂದದ ಕೂಟದಿಂದ ಹೊರಬಂದಿತೆಂದು ಸಾರಿದರು. ಒಂದೇ ದಿನ ಎರಡು ನಿರ್ಗಮನಗಳು. ಒಂದು ಸಂಸತ್ತಿನ ಶಾಸನದ ಮೂಲಕ ಶಾಂತವಾಗಿ ನಡೆಯಿತು. ಇನ್ನೊಂದು ನವೆಂಬರ್ ೪ರಂದು ಬುಡಾಪೆಸ್ಟ್ ನಗರವನ್ನು ಹೊಕ್ಕ ಸೋವಿಯತ್ ಟ್ಯಾಂಕುಗಳಡಿಯಲ್ಲಿ ಹುಡಿಯಾಯಿತು. ಮೆಲ್ಬರ್ನ್ ಒಲಿಂಪಿಕ್ಸಿನ ಮೊದಲ ಸುತ್ತಿನಲ್ಲಿ ಭಾರತದ ಎದುರಾಳಿಯಾಗಬೇಕಿದ್ದುದು ಈ ಹಂಗೆರಿಯೇ. ಅದು ಹಿಂದಿನ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡ. ಅದು ಆಡಲು ಬರಲಿಲ್ಲವಾದುದರಿಂದ ಭಾರತವು ಆಡದೆಯೇ ಮುಂದಿನ ಸುತ್ತಿಗೆ ಹೋಯಿತು. ಹಂಗೆರಿಯ ಹೆಸರಾಂತ ಆಟಗಾರ ಪುಷ್ಕಾಶ್ ಆಗ ತನ್ನ ಕ್ಲಬ್ಬಿನೊಡನೆ ಹೊರದೇಶದಲ್ಲಿದ್ದವನು ತಾಯ್ನಾಡಿಗೆ ಹಿಂದಿರುಗದೆ, ೧೯೬೨ರ ವಿಶ್ವಕಪ್ಪಿನಲ್ಲಿ ಸ್ಪೇನಿನ ಪರವಾಗಿ ಆಡಿದನು.

ಡಿಸೆಂಬರ್ ೧ರಂದು, ಎಂದರೆ ನಮ್ಮ ಏಕೀಕರಣಕ್ಕೆ ಸರಿಯಾಗಿ ಒಂದು ತಿಂಗಳು ತುಂಬಿದ ದಿನ, ಭಾರತವು ಆಸ್ಟ್ರೇಲಿಯವನ್ನು ೪–೨ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲುಗಳನ್ನು ಹೊಡೆದರು. ಏಷ್ಯದ ತಂಡವೊಂದು ಒಲಿಂಪಿಕ್ ಫುಟ್‌ಬಾಲಿನ ಉಪಾಂತ್ಯವನ್ನು ತಲುಪಿದುದು ಅದೇ ಮೊದಲು. ತರಬೇತುದಾರರು ರಹೀಮರೇ. ತಂಡದಲ್ಲಿ ಹೈದರಾಬಾದಿನ ಅಜೀಜುದ್ದೀನ್, ನೂರ್ ಮಹಮ್ಮದ್, ಜುಲ್ಫಿಕಾರುದ್ದೀನ್, ಬಲರಾಮ್ ಇದ್ದರು. ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ತಾನು ಬಿಟ್ಟು ಬಂದ ರಾಜ್ಯದವರೂ ತಾನು ಹೊಸದಾಗಿ ಸೇರಿದ ರಾಜ್ಯದವರೂ ಒಂದೇ ಅಂಗಿ ತೊಟ್ಟಿದ್ದುದರಿಂದ ಆ ೧೬ ವರ್ಷದ ಹುಡುಗನಿಗೆ ಪಕ್ಷವನ್ನು ಆರಿಸುವ ಕಷ್ಟವೇ ಬರಲಿಲ್ಲ. ಅಂತರರಾಷ್ಟ್ರೀಯ ಫುಟ್‌ಬಾಲಿನ ದೊಡ್ಡ ಉಪಕಾರ ಇದೇ ಎಂದು ಅವರು ಈಗಲೂ ಹೇಳುತ್ತಾರೆ. ಭಾರತವು ಉಪಾಂತ್ಯದಲ್ಲಿ ಯುಗೋಸ್ಲಾವಿಯಕ್ಕೆ ಸೋತು ಕೊನೆಗೆ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಸೋವಿಯತ್ ಒಕ್ಕೂಟವು ಯುಗೋಸ್ಲಾವಿಯವನ್ನು ಸೋಲಿಸಿ ಚಿನ್ನವನ್ನು ಗೆದ್ದಿತು. ಅಂದು ಅಂತಿಮ ಪಂದ್ಯವಾಡಿದ ಆ ಎರಡು ಒಕ್ಕೂಟಗಳೂ ಮುಂದೆ ಮೂವತ್ತೈದು ವರ್ಷಗಳಾಗುವಷ್ಟರಲ್ಲಿ ಒಡೆದುಹೋದವು.

ಭಾರತದ ತಂಡವಿದ್ದಲ್ಲಿ ಕಷ್ಟವಿರಲಿಲ್ಲ, ನಿಜ. ಕಷ್ಟ ಎದುರಾದುದು ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯಲ್ಲಿ. ಇಲ್ಲಿ ಓದುಗರು ಗಮನಿಸತಕ್ಕ ಒಂದು ವಿಚಿತ್ರ ಸಂಗತಿಯುಂಟು. ೧೯೫೭–೫೮ರಲ್ಲಿ ಈ ಟ್ರೋಫಿಯನ್ನು ಗೆದ್ದ ತಂಡದ ಹೆಸರು ಹೈದರಾಬಾದ್. ಆ ಹೆಸರಿನ ರಾಜ್ಯವೇ ಆಗ ಉಳಿದಿರಲಿಲ್ಲ! ಫುಟ್‌ಬಾಲ್ ಒಕ್ಕೂಟದ ಸದಸ್ಯರು ರಾಜ್ಯ ಸರ್ಕಾರಗಳಲ್ಲ, ಕ್ರೀಡಾ ಸಂಘಗಳು. ಸಂಘದ ಹೆಸರನ್ನೂ ಎಲ್ಲೆಯನ್ನೂ ಸಂಸತ್ತು ತಿದ್ದುವುದಿಲ್ಲ, ಸಂಘವೇ ತನ್ನ ಬಿಡುವಿನಲ್ಲಿ ತಿದ್ದಿಕೊಳ್ಳಬೇಕು. ೧೯೬೫–೬೬ರ ವಿಜೇತರ ಹೆಸರು ಆಂಧ್ರ ಪ್ರದೇಶ ಎಂದಿದೆ. ಹೀಗೆ ರಾಜ್ಯವು ಅಳಿದ ಮೇಲೂ ಅದರ ತಂಡವು ಕೆಲವು ವರ್ಷ ಬಾಳಿತು.

ಇಂಥದು ಬೇರೆಡೆಯೂ ನಡೆದಿದೆ. ಸೋವಿಯತ್ ಒಕ್ಕೂಟವು ೧೯೯೧ರ ಡಿಸೆಂಬರಿನಲ್ಲಿ ವಿಸರ್ಜನೆಯಾದರೂ, ಅದು ಗಳಿಸಿದ್ದ ಅರ್ಹತೆಯ ಮೇಲೆ ‘ಸ್ವತಂತ್ರ ರಾಷ್ಟ್ರಗಳ ಕೂಟ’ ಎಂಬ ಹೆಸರಿನ ತಂಡವೊಂದು ೧೯೯೨ರ ಯೂರೋಪ್ ಪಂದ್ಯಾವಳಿಯಲ್ಲಿ ಆಡಿತು. ೧೯೬೫ರ ಆಗಸ್ಟ್ ೯ರಂದು ಮಲೇಷ್ಯದಿಂದ ಬೇರೆಯಾದ ಸಿಂಗಪುರವು ಆ ಬಳಿಕವೂ ಮಲೇಷ್ಯ ಕಪ್ಪಿನಲ್ಲಿ ಆಡಿ ೧೯೭೭, ೧೯೮೦, ೧೯೯೪ರಲ್ಲಿ ಅದನ್ನು ಗೆದ್ದುಕೊಂಡಿತು. ಬೇರ್ಪಟ್ಟ ಮನೆಯವರು ಹಳೆಯ ಮನೆಯ ಜಾತ್ರೆಗೆ ಬಂದು ತೇರೆಳೆದಂತೆ! ಇದಕ್ಕೆ ವಿರುದ್ಧವಾದ ನಿದರ್ಶನ ಸಾರ್ ಪ್ರಾಂತ. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯಿಂದ ಪ್ರತ್ಯೇಕವಾಗಿದ್ದ ಆ ಚಿಕ್ಕ ಪ್ರಾಂತವು ೧೯೫೪ರ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಪಶ್ಚಿಮ ಜರ್ಮನಿಗೇ ಎದುರಾಗಿ ಆಡಿತ್ತು. ೧೯೫೭ರ ಜನವರಿ ೧ರಂದು ಜರ್ಮನಿಯಲ್ಲಿ ಸೇರಿತು. ಅದರ ತಂಡವು ಅಲ್ಲಿಗೆ ಮುಗಿಯಿತು. ಆದರೆ ಆ ತಂಡದ ತರಬೇತುದಾರ ಹೆಲ್ಮುಟ್ ಶೋನ್ ೧೯೭೪ರಲ್ಲಿ ಪಶ್ಚಿಮ ಜರ್ಮನಿಗೆ ವಿಶ್ವಕಪ್ಪನ್ನು ಗೆದ್ದುಕೊಟ್ಟರು.

ಲೇಖನದ ಆರಂಭದಲ್ಲಿ ಹೇಳಿದ ನಗೆಮಾತಿನ ತಪ್ಪು ಈಗ ಸ್ಪಷ್ಟವಾಗಬಹುದು. ಯೂರೋಪಿನ ಫುಟ್‌ಬಾಲ್ ಸಂಘಗಳ ಕೂಟವು ಬೇರೆ, ಯೂರೋಪಿಯನ್ ಒಕ್ಕೂಟವು ಬೇರೆ. ಬ್ರಿಟನ್ ೨೦೨೦ರ ಜನವರಿ ೩೧ರಂದು ಎರಡನೆಯದರಿಂದ ಹೊರಬಂದಿತು; ಮೊದಲನೆಯದರಿಂದ ಹೊರಬರಲಿಲ್ಲ. ಅದಲ್ಲದೆ ಆ ದೇಶಕ್ಕೆ ಒಂದು ತಂಡವಿಲ್ಲ, ನಾಲ್ಕು ಇವೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸಂಘಗಳು ೧೮೬೩ರಿಂದ ೧೮೮೦ರೊಳಗೆ ಹುಟ್ಟಿದವು. ವಿಶ್ವ ಸಂಸ್ಥೆಯಾದ ಫಿಫಾ ಹುಟ್ಟಿದುದು ೧೯೦೪ರಲ್ಲಿ. ತನಗಿಂತ ಹಿರಿಯರಾದವರನ್ನು ಒಂದಾಗಿರೆಂದು ಕಿರಿಯ ಸಂಸ್ಥೆ ಹೇಳಲಾರದಾಯಿತು. ೨೦೧೬ರ ಜನಮತದಲ್ಲಿ ವೇಲ್ಸಿನ ಶೇಕಡ ೫೨.೫ ಮತಗಳು ನಿರ್ಗಮನದ ಪರವಾಗಿ ಬಿದ್ದವು. ಅದೇ ಬೇಸಗೆಯಲ್ಲಿ ವೇಲ್ಸ್ ತಂಡವು ಯೂರೋಪ್ ಪಂದ್ಯಾವಳಿಯ ಉಪಾಂತ್ಯವನ್ನು ಮುಟ್ಟಿತು. “ಅವರು ನನ್ನ ಜಾತಿಯವರು” ಎಂದು ನಮ್ಮ ಹಿರಿಯರು ನಕ್ಕರು.

ಹಾಗೆಂದು ರಾಜಕೀಯ ನಿರ್ಗಮನವು ಆಟವನ್ನು ಸ್ವಲ್ಪವೂ ಮುಟ್ಟುವುದಿಲ್ಲವೆಂದು ತಿಳಿಯಬಾರದು. ಅದು ಮುಟ್ಟುವುದು ಬಾವುಟದ ಮೂಲಕ ಅಲ್ಲ, ಕಾನೂನಿನ ಮೂಲಕ. ೨೦೨೧ರ ಜನವರಿಯಿಂದ ಇಂಗ್ಲೆಂಡಿನ ಕ್ಲಬ್ಬುಗಳು ಯೂರೋಪಿನಿಂದ ೧೮ ವರ್ಷ ತುಂಬದ ಹುಡುಗರನ್ನು ತರುವಂತಿಲ್ಲ. ತುಂಬಿದವರಿಗೂ ಅಂಕಗಳ ಲೆಕ್ಕದ ಮೇಲೆ ಅನುಮತಿ ಬೇಕು. ಪ್ರೇಕ್ಷಕನ ಅಭಿಮಾನ ಹಾಗೆಯೇ ಉಳಿಯುತ್ತದೆ; ಆಡುವ ಹುಡುಗನ ದಾರಿ ಬದಲಾಗುತ್ತದೆ.

ಈ ಎರಡನೆಯ ಅಂಶದಲ್ಲಿ ನಮಗೂ ನಮ್ಮ ಹಿರಿಯರಿಗೂ ಅಭಿಪ್ರಾಯಭೇದವುಂಟು. ರಾಯಚೂರು, ದೇವದುರ್ಗ, ಮಾನ್ವಿಗಳ ಹುಡುಗರು ಹೈದರಾಬಾದಿನಲ್ಲಿಯೇ ಉಳಿದಿದ್ದರೆ ರಹೀಮರಂಥವರ ಕಣ್ಣಿಗೆ ಬೀಳುತ್ತಿದ್ದರೆಂದು ಅವರು ನಂಬುತ್ತಾರೆ. ಹೈದರಾಬಾದು ಇಲ್ಲಿಂದ ಸುಮಾರು ೨೦೦ ಕಿಲೋಮೀಟರು, ಬೆಂಗಳೂರು ಅದರ ಇಮ್ಮಡಿ. ನಮಗೆ ಹಾಗೆ ತೋರುವುದಿಲ್ಲ. ಹೈದರಾಬಾದಿನ ಆ ಹಿರಿಮೆ ನಗರದ, ಪೊಲೀಸಿನ, ಸಿಕಂದರಾಬಾದಿನ ದಂಡಿನ ಪ್ರದೇಶದ ಹಿರಿಮೆ. ಬಲರಾಮರು ಬಂದುದು ಸಿಕಂದರಾಬಾದಿನ ಅಮ್ಮುಗುಡದಿಂದ. ಮೈಸೂರಿನ ಆಟವೂ ಹಾಗೆಯೇ ಬೆಂಗಳೂರಿನ ಆಟವಾಗಿದ್ದಿತು. ಬದಲಾದುದು ರಾಜಧಾನಿ, ರಾಜಧಾನಿಯಿಂದ ದೂರವಿರುವ ಸ್ಥಿತಿಯಲ್ಲ. ಈ ದೂರದ ಫಲವನ್ನು ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಸರಿಪಡಿಸಲೆಂದು ೨೦೧೨ರ ತಿದ್ದುಪಡಿಯಿಂದ ಸಂವಿಧಾನಕ್ಕೆ ೩೭೧ಜೆ ವಿಧಿ ಸೇರಿತು. ಹನ್ನೊಂದು ಜನರ ತಂಡಕ್ಕೆ ಅನ್ವಯಿಸುವ ವಿಧಿ ಯಾವುದೂ ಇಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬಹುದು. ಆಡಳಿತದ ಎಲ್ಲೆಯನ್ನು ಮೀರಿ ನಡೆಯುವ ನಿಷ್ಠೆ ಈ ಸೀಮೆಗೆ ಹೊಸದಲ್ಲ. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ದೇಹವಿಟ್ಟುದು ಇಂದು ಆಂಧ್ರದಲ್ಲಿರುವ ಚಿಪ್ಪಗಿರಿಯಲ್ಲಿ. ಮಂತ್ರಾಲಯವು ತುಂಗಭದ್ರೆಯ ಆಚೆಯ ದಡದಲ್ಲಿ, ಬೇರೆ ರಾಜ್ಯದಲ್ಲಿ ಇದೆಯೆಂದು ರಾಯಚೂರಿನ ಭಕ್ತರು ಯಾರೂ ಹೊಳೆಯ ಈಚೆಗೇ ನಿಲ್ಲುವುದಿಲ್ಲ.

ಮೈಸೂರು ತಂಡವು ೧೯೬೭–೬೮ ಮತ್ತು ೧೯೬೮–೬೯ರಲ್ಲಿ ಸತತವಾಗಿ ಎರಡು ವರ್ಷ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆ ಬಳಿಕ ಕರ್ನಾಟಕವು ಅದನ್ನು ಮತ್ತೆ ಕಂಡುದು ೫೪ ವರ್ಷಗಳ ಮೇಲೆ, ೨೦೨೩ರ ಮಾರ್ಚ್ ೪ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು ೩–೨ರಿಂದ ಸೋಲಿಸಿ. ತಮ್ಮ ಅಭಿಮಾನವು ಎಂದು ಹೈದರಾಬಾದಿನಿಂದ ಮೈಸೂರಿಗೆ ತಿರುಗಿತೆಂದು ಕೇಳಿದಾಗ ಹಿರಿಯರು ನವೆಂಬರ್ ೧ ಎನ್ನಲಿಲ್ಲ. ಅವರು ಹೇಳಿದುದು ಆ ಮೊದಲನೆಯ ಗೆಲವಿನ ಸುದ್ದಿ ಬಂದ ದಿನವನ್ನು. ಹಿಂದೆ ಹೈದರಾಬಾದಿನ ಗೆಲವುಗಳನ್ನು ಉರ್ದು ಪತ್ರಿಕೆಯಿಂದ ಕನ್ನಡಿಸಿ ತಂದೆಗೆ ಹೇಳುತ್ತಿದ್ದವರು ಅವರು. ಈ ಬಾರಿ ಮನೆಗೆ ಬಂದುದು ಕನ್ನಡ ಪತ್ರಿಕೆ. ತಂದೆಯವರು ಕನ್ನಡಕವನ್ನೇರಿಸಿಕೊಂಡು ಸುದ್ದಿಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಗಟ್ಟಿಯಾಗಿ ಓದಿದರು. ಆಟಗಾರರ ಹೆಸರುಗಳನ್ನು ಇನ್ನೊಮ್ಮೆ ಓದಿದರು. ಇವರಲ್ಲಿ ನಮ್ಮ ಜಿಲ್ಲೆಯವರು ಯಾರು ಎಂದು ಮಗನನ್ನು ಕೇಳಿದರು.