ಧ್ವನಿ ಸಿ.ಡಿ.ಗಳು ಕಂಪ್ಯೂಟರಿನಲ್ಲಿ ನುಡಿಯದಿದ್ದಾಗ: ಎಸೆಯುವ ಮುನ್ನ ಪರಿಶೀಲಿಸಬೇಕಾದ ಅಂಶಗಳು



ಹಿರಿಯರು ಹಾಡಿದ ಸೋಬಾನೆ ಪದ, ಊರಿನ ಭಜನಾ ಮೇಳದ ಹಾಡು, ಅಗಲಿದವರ ಮಾತು ಮೊದಲಾದವು ಧ್ವನಿ ಸಿ.ಡಿ.ಗಳಲ್ಲಿ ದಾಖಲಾಗಿ ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿರುತ್ತವೆ. ಅವುಗಳನ್ನು ಕಂಪ್ಯೂಟರಿಗೆ ಹಾಕಿದಾಗ ಶಬ್ದ ಬಾರದಿದ್ದರೆ ಸಿ.ಡಿ. ಹಾಳಾಗಿದೆಯೆಂದು ಎಸೆದುಬಿಡುವುದುಂಟು. ದೋಷವು ಸಿ.ಡಿ.ಯಲ್ಲಿಯೇ ಇರಬೇಕೆಂದೇನೂ ಇಲ್ಲ. ಬೇರೆ ಪ್ರತಿಯಿಲ್ಲದ ಧ್ವನಿಯು ಒಮ್ಮೆ ಕಳೆದರೆ ಮರಳಿ ದೊರೆಯದು. ಆದುದರಿಂದ ಈ ಕೆಳಕಂಡ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

1. ಸ್ಪೀಕರ್: ಕಂಪ್ಯೂಟರಿನಲ್ಲಿರುವ ಬೇರಾವುದಾದರೂ ಹಾಡನ್ನು ನುಡಿಸಿ ನೋಡಬೇಕು. ಅದೂ ಕೇಳಿಸದಿದ್ದರೆ ದೋಷವಿರುವುದು ಸ್ಪೀಕರಿನ ತಂತಿಯಲ್ಲಿ ಅಥವಾ ಧ್ವನಿಯ ಸೆಟ್ಟಿಂಗಿನಲ್ಲಿ.

2. ಡ್ರೈವ್: ಬೇರೆಡೆ ಸರಿಯಾಗಿ ನುಡಿಯುವ ಇನ್ನೊಂದು ಸಿ.ಡಿ.ಯನ್ನು ಹಾಕಬೇಕು. ಅದೂ ನುಡಿಯದಿದ್ದರೆ ಡ್ರೈವನ್ನು ಸಂಶಯಿಸಬೇಕು. ಡ್ರೈವ್ ಇಲ್ಲದ ಲ್ಯಾಪ್‌ಟಾಪಿಗೆ ಯು.ಎಸ್.ಬಿ. ಮೂಲಕ ಜೋಡಿಸುವ ಡಿ.ವಿ.ಡಿ. ಡ್ರೈವ್ ಸಾಕು, ಅದು ಸಿ.ಡಿ.ಯನ್ನೂ ಓದುತ್ತದೆ. ತಿರುಗಲಾರಂಭಿಸಿ ನಿಂತುಹೋಗುತ್ತಿದ್ದರೆ ವಿದ್ಯುತ್ ಸಾಲದಿರಬಹುದು. ಅದನ್ನು ನೇರವಾಗಿ ಕಂಪ್ಯೂಟರಿಗೇ ಜೋಡಿಸಬೇಕು.

3. ಸಮಯ ಓಡಿ ಶಬ್ದ ಬಾರದಿದ್ದರೆ: ಹಳೆಯ ಕಂಪ್ಯೂಟರುಗಳಲ್ಲಿ ಡ್ರೈವಿನಿಂದ ಸೌಂಡ್ ಕಾರ್ಡಿಗೆ ಪ್ರತ್ಯೇಕವಾದ ಸಣ್ಣ ತಂತಿಯ ಮೂಲಕ ಧ್ವನಿ ಹರಿಯುತ್ತಿತ್ತು. ಆ ತಂತಿ ಕಳಚಿದ್ದರೆ ಹಾಡು ಮುಂದುವರಿದಂತೆ ಕಂಡರೂ ಏನೂ ಕೇಳಿಸದು. ಆಗ ಪ್ಲೇಯರಿನ ಸೆಟ್ಟಿಂಗಿನಲ್ಲಿ ಡಿಜಿಟಲ್ ವಿಧಾನವನ್ನು ಆಯ್ದುಕೊಳ್ಳಬೇಕು, ಇಲ್ಲವೇ ವಿ.ಎಲ್.ಸಿ. ತಂತ್ರಾಂಶದಲ್ಲಿ ನುಡಿಸಿ ನೋಡಬೇಕು.

4. ತಟ್ಟೆಯ ಮೇಲ್ಮೈ: ಮೆತ್ತನೆಯ ಒಣಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕು, ವೃತ್ತಾಕಾರವಾಗಿ ಉಜ್ಜಬಾರದು. ಧ್ವನಿಯ ದತ್ತಾಂಶವು ವೃತ್ತಾಕಾರವಾಗಿಯೇ ಸಾಗುವುದರಿಂದ, ಆ ದಿಕ್ಕಿನ ಗೀರು ಒಂದೇ ಹಾಡಿನ ಉದ್ದದ ಭಾಗವನ್ನು ಕೆಡಿಸುತ್ತದೆ. ಹೊಳೆಯುವ ಪದರವಿರುವುದು ಹೆಸರು ಬರೆಯುವ ಬದಿಗೆ ತೀರ ಸಮೀಪದಲ್ಲಿ. ಆದ್ದರಿಂದ ಆ ಬದಿಗೂ ಗೀರು ಬೀಳದಂತೆ ನೋಡಿಕೊಳ್ಳಬೇಕು.

5. ಖಾಲಿಯೆಂದು ತೋರಿದರೆ: ಖಾಸಗಿಯಾಗಿ ಮುದ್ರಿಸಿದ ಸಿ.ಡಿ.ಯನ್ನು ಕೊನೆಯಲ್ಲಿ 'ಫೈನಲೈಸ್' ಮಾಡದೆ ಬಿಟ್ಟಿದ್ದರೆ ಇತರ ಯಂತ್ರಗಳು ಅದನ್ನು ಗುರುತಿಸದಿರಬಹುದು. ಮುದ್ರಿಸಿದ ಯಂತ್ರವೇ ದೊರೆತರೆ ಅದರಲ್ಲಿ ಪ್ರಯತ್ನಿಸಬೇಕು.

ಸಿ.ಡಿ. ನುಡಿಯಿತೆಂದಾದೊಡನೆ ಪ್ರತಿ ಮಾಡಿಕೊಳ್ಳುವುದು ಅಗತ್ಯ. ಇಲ್ಲಿ ಒಂದು ಎಚ್ಚರಿಕೆ. ವಿಂಡೋಸ್ ಕಂಪ್ಯೂಟರಿನಲ್ಲಿ ಧ್ವನಿ ಸಿ.ಡಿ.ಯನ್ನು ತೆರೆದರೆ ಪ್ರತಿ ಹಾಡಿಗೂ 'ಸಿ.ಡಿ.ಎ.' ಎಂಬ ಒಂದೊಂದು ಕಡತ ಕಾಣುತ್ತದೆ. ಅದರ ಗಾತ್ರ ಕೇವಲ 44 ಬೈಟ್. ಅದರಲ್ಲಿ ಧ್ವನಿ ಇರುವುದಿಲ್ಲ. ಹಾಡು ತಟ್ಟೆಯಲ್ಲಿ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಧ್ವನಿ ಸಿ.ಡಿ.ಯ ಒಂದು ನಿಮಿಷದ ಧ್ವನಿಗೆ ಸುಮಾರು 10 ಮೆಗಾಬೈಟ್ ಜಾಗ ಬೇಕು. ಈ ಸಣ್ಣ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಕೆಲಸ ಮುಗಿಯಿತೆಂದು ಸಿ.ಡಿ.ಯನ್ನು ಎಸೆದವರ ಕೈಯಲ್ಲಿ ಉಳಿಯುವುದು ಮನೆಯಿಲ್ಲದ ವಿಳಾಸ.

ಆದುದರಿಂದ ವಿಂಡೋಸ್ ಮೀಡಿಯಾ ಪ್ಲೇಯರಿನಂತಹ ತಂತ್ರಾಂಶದಲ್ಲಿರುವ 'ರಿಪ್' ಸೌಲಭ್ಯವನ್ನೇ ಬಳಸಬೇಕು. ಶಾಶ್ವತ ಸಂಗ್ರಹಕ್ಕೆ ವೇವ್ ಅಥವಾ ಫ್ಲ್ಯಾಕ್ ನಮೂನೆ ಯೋಗ್ಯ. ಮೊಬೈಲಿನಲ್ಲಿ ಹಂಚಿಕೊಳ್ಳಲು ಎಂ.ಪಿ.3 ಸಾಕು. ಗೀರು ಬಿದ್ದ ತಟ್ಟೆಯಾದರೆ ದೋಷ ಸರಿಪಡಿಸುವ ಆಯ್ಕೆಯನ್ನು ಒತ್ತಬೇಕು. ಕೆಲಸ ನಿಧಾನವಾದರೂ ಫಲ ಉತ್ತಮವಾಗಬಹುದು. ಪ್ರತಿಯನ್ನು ಸಿ.ಡಿ. ಹೊರತೆಗೆದ ಬಳಿಕ ಆದ್ಯಂತವಾಗಿ ಕೇಳಿ, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇರಿಸಬೇಕು. ಮೂಲ ಸಿ.ಡಿ.ಯನ್ನು ಬಿಸಿಲು ತಾಗದಂತೆ ಪೆಟ್ಟಿಗೆಯಲ್ಲಿ ಕಾಪಾಡಬೇಕು.

ಸದಸ್ಯರು ತಮ್ಮ ವಾರ್ಡಿನ ಮನೆಗಳಿಗೆ ಭೇಟಿ ನೀಡುವಾಗ ಈ ವಿಷಯವನ್ನು ತಿಳಿಯಪಡಿಸಿ, ಹಿರಿಯರ ಧ್ವನಿಯಿರುವ ಸಿ.ಡಿ.ಗಳು ಪ್ರತಿಯಾಗುವ ಮುನ್ನ ಕಸದ ಗಾಡಿಗೆ ಸೇರದಂತೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ